ಹರಳೆಣ್ಣೆ ಬಿಟ್ಟ ದಿನ

ಒಂಬತ್ತಡಿ ರೆಕ್ಕೆ. ಬಾಗಿಲಲ್ಲಿ ನೆಟ್ಟಗೆ ಹಿಡಿಸದು.
ಓರೆ ಮಾಡಿ, ಒಂದು ತುದಿ ಮೊದಲು ತೂರಿಸಿ,
ಮಂಚ ಸಾಗಿಸುವವರ ಹಾಗೆ ಒಬ್ಬರನ್ನೊಬ್ಬರು ಬೈದುಕೊಂಡು
ಹೊರಗೆ ತಂದೆವು, ನಾನು ಮತ್ತು ಜಬೀವುಲ್ಲಾ.

ಇಷ್ಟು ದಿನ ನಮ್ಮವು ಪುಟ್ಟವು. ಹತ್ತು ಸಿಸಿ.
ಮೆಥನಾಲಿಗೆ ಹರಳೆಣ್ಣೆ ಕದಡಿ ಕುಡಿಸಿದರೆ
ಗ್ಲೋ ಪ್ಲಗ್ಗಿನ ತಂತಿ ಕೆಂಡವಾಗಿ
ಕಿರ್ರನೆ ಕಿರುಚಿಕೊಂಡು ಏಳುವ ಎಂಜಿನ್ನು.
ಪಾಲಯ್ಯ ಮೇಷ್ಟ್ರು ಕಲಿಸಿದ್ದು ಅದನ್ನೇ,
ಎನ್‌ಸಿಸಿ ಷೆಡ್ಡಿನ ಹಿಂದೆ, ಒಂದೂವರೆ ವೋಲ್ಟಿನ ಸೆಲ್ಲು ಕಚ್ಚಿಸಿ.
"ಬೆರಳು ಬೇಕಿದ್ದರೆ ಕೋಲಿಂದ ತಿರುವು" ಅನ್ನುತ್ತಾ
ತಾವು ಮಾತ್ರ ಬೆರಳಿಂದಲೇ ತಿರುವುತ್ತಿದ್ದರು.
ಅವರ ತೋರುಬೆರಳು ಅರ್ಧವೇ ಇತ್ತು.

ಆ ಹೊಗೆ!
ಮುಗಿಲಲ್ಲಿ ಯಾರೋ ಶನಿವಾರದ ಎಣ್ಣೆನೀರು
ಹಾಕಿಕೊಳ್ಳುತ್ತಿರುವ ಹಾಗೆ.

ಈಗಿನದು ದೊಡ್ಡದು. ಇದಕ್ಕೂ ಗ್ಲೋ ಅಂದೆ ನಾನು.
ಹೊಳಲ್ಕೆರೆ ರಸ್ತೆಯ ತನ್ನ ಅಂಗಡಿಯಲ್ಲಿ
ಕಳೆ ಕೊಯ್ಯುವ ಮಷೀನು ಬಿಚ್ಚಿಟ್ಟುಕೊಂಡು ಕೂತ ಜಬೀವುಲ್ಲಾ
ತಲೆ ಎತ್ತದೆ ಲೆಕ್ಕ ಹೇಳಿದ:
"ಒಂದು ಸಲ ಹಾರಿಸಿದರೆ ಅರ್ಧ ಲೀಟರು. ಅದು ಬರೋದು
ಬೆಂಗಳೂರಿಂದ, ಪಾರ್ಸೆಲ್ಲಲ್ಲಿ, ಹದಿನೈದು ದಿನಕ್ಕೆ.
ನಾವು ಸಾಕ್ತಿರೋದು ವಿಮಾನನೋ, ಆನೆನೋ?"
ಆಮೇಲೆ ಸ್ಪ್ಯಾನರಿನಿಂದ ತೋರಿಸಿದ,
ಕೈಯಲ್ಲಿದ್ದ ಮಷೀನಿನದೇ ಎದೆ:
"ಕ್ಲಚ್ಚು ತೆಗಿ, ಫ್ಲೈವೀಲು ಲೇತಿಗೆ ಹಾಕಿ ಸವೆಸು.
ಬಂಕಿನ ಪೆಟ್ರೋಲು, ಮೂವತ್ತಕ್ಕೆ ಒಂದು ಪಾಲು ಟೂಟಿ ಆಯಿಲು.
ಮುಗೀತು."

ನಾನೂ ಸುಮ್ಮನೆ ಬಿಡಲಿಲ್ಲ. ಭಾರ, ಅಂದೆ.
"ಮೂಗಿಗೆ ಹೆಂಗೂ ಸೀಸ ತುಂಬಬೇಕಿತ್ತಲ್ಲ."
ನಡುಕ, ಅಂದೆ.
"ರಬ್ಬರು ಕೊಡ್ತೀನಿ."
ಕಿಡಿ ಹಾರಿದಾಗಲೆಲ್ಲ ರೇಡಿಯೋಗೆ ದಿಕ್ಕು ತಪ್ಪಿದರೆ?
"ಅವೆರಡೂ ದಾಯಾದಿಗಳು ಕಣೋ. ಮಧ್ಯೆ ಒಂದಡಿ ಜಾಗ ಬಿಟ್ಟರೆ
ತಂಟೆ ಇಲ್ಲ.
ಚಿಕ್ಕದಕ್ಕೆ ಗ್ಲೋ ಸರಿ, ನಾನೇನು ಬೇಡ ಅಂದ್ನಾ?
ಗುಬ್ಬಿಗೆ ಗುಬ್ಬಿ ಗುಂಡಿಗೆ.
ಇದಕ್ಕೆ?"

ನನ್ನ ಹತ್ತಿರ ಉಳಿದಿದ್ದ ಒಂದೇ ವಾದ
ಕಪಾಟಿನ ಮೇಲಿತ್ತು, ಅರ್ಧ ತುಂಬಿದ ಬಾಟಲಿ.
ಮೇಷ್ಟ್ರು ತಾವೇ ಬೆರೆಸಿಟ್ಟು ಹೋದದ್ದು. ಮೂರು ವರ್ಷ.
ಮುಚ್ಚಳ ಸಡಿಲಾಗಿ, ಗಾಳಿಯ ನೀರು ಕುಡಿದು
ಅದು ಯಾವಾಗಲೋ ಕೆಟ್ಟಿತ್ತು.
ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ ನಾನು.

ಬೈಪಾಸು ಬಂದ ಮೇಲೆ ಊರಾಚೆ ಬಿಟ್ಟುಹೋದ
ಹಳೇ ಹೆದ್ದಾರಿಯ ತುಂಡೊಂದಿದೆ,
ಬಿಳಿ ಗೆರೆ ಇನ್ನೂ ಅಳಿಸಿಲ್ಲ. ಅದೇ ನಮ್ಮ ರನ್‌ವೇ.
ಗುಡ್ಡದ ಮೇಲಿನ ಗಾಳಿಯಂತ್ರಗಳು ಮುಖ ತಿರುಗಿಸಿದ ಕಡೆ
ನಾವೂ ಮೂಗು ತಿರುಗಿಸಿದೆವು.
ಚೋಕು ಎಳೆದು ನಾಲ್ಕು ಸಲ ತಿರುವಿದ, ಕೋಲಿಂದ.
ಐದನೆಯದಕ್ಕೆ ಕೆಮ್ಮಿತು. ಆರನೆಯದಕ್ಕೆ ಗುಡುಗುಡು,
ಅಪ್ಪನ ರಾಜದೂತ್ ಬೈಕು ಅಂಗಳದಲ್ಲಿ ನಿಂತ ಹಾಗೆ.
ಕಿರುಚಲಿಲ್ಲ. ಅವಸರವಿಲ್ಲದೆ ಓಡಿ,
ಬಿಳಿ ಗೆರೆ ಬಿಟ್ಟು,
ಬಂಡೆಗಳ ಮೇಲೆ ತನ್ನ ನೆರಳು ಹತ್ತಿಸಿ ಇಳಿಸಿ
ಏರಿತು.

ಕುರಿ ಮೇಯಿಸುವ ಹುಡುಗ ಬಂದು ಪಕ್ಕ ನಿಂತ.
"ಲೀಟರಿಗೆ ಎಷ್ಟು ಕೊಡ್ತದಣ್ಣ?"
"ಅರ್ಧ ಗಂಟೆ" ಅಂದ ಜಬೀವುಲ್ಲಾ,
ಆಕಾಶದಿಂದ ಕಣ್ಣು ಕೀಳದೆ.

ಇಳಿಸಿದೆ. ಅಭ್ಯಾಸಬಲ, ಜೇಬಿನಿಂದ ಬಟ್ಟೆ ತೆಗೆದೆ.
ಗ್ಲೋ ಇದ್ದಾಗ ರೆಕ್ಕೆಯ ಅಡಿ ತುಂಬಾ ಜಿಡ್ಡು,
ಒರೆಸಲು ಅರ್ಧ ತಾಸು,
ಮೇಷ್ಟ್ರು ಮಾತಾಡುತ್ತಿದ್ದದ್ದು ಆವಾಗ ಮಾತ್ರ.
ಈಗ ಹೊಗೆಕೊಳವೆಯ ಹತ್ತಿರ ಬೆರಳಗಲ ಮಸಿ.
ಅದೂ ಒಂದೇ ಎಳೆತಕ್ಕೆ ಹೋಯಿತು.
ಬಟ್ಟೆ ಹಿಡಿದು ನಿಂತೆ.

ಜಬೀವುಲ್ಲಾ ನೋಡಿದ. ಏನೂ ಕೇಳಲಿಲ್ಲ.
ಆ ತುದಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತು
ತನ್ನ ಹೆಗಲ ವಸ್ತ್ರದಿಂದ
ಚೊಕ್ಕಟವಾಗಿದ್ದ ರೆಕ್ಕೆಯನ್ನು ಒರೆಸತೊಡಗಿದ.
"ಅವರ ಬೆರಳು ಹೋಗಿದ್ದು ಪ್ರೊಪೆಲ್ಲರಿಗಲ್ಲವಂತೆ ಮಾರಾಯ,
ಗೊತ್ತಾ ನಿನಗೆ?
ಬಾಳೆಕಾಯಿ ಚಿಪ್ಸ್ ಹೆಚ್ಚೋ ಮಣೆಗೆ..."
ನಾನೂ ಈ ತುದಿಯಿಂದ ಕೂತೆ.